ಟ್ರೈನರ್ ಪರೀಕ್ಷೆಗೆ ನಾಲ್ಕು ದಾರಿಯಲ್ಲಿ ಓದಿ ನೋಡಿದೆ: ಯಾವುದು ಎಲ್ಲಿ ಕೈ ಹಿಡಿಯಿತು

ಪರ್ಸನಲ್ ಟ್ರೈನರ್ ಪರೀಕ್ಷೆಗೆ ನಾನು ಎಂಟು ತಿಂಗಳು ಓದಿದೆ. ದಪ್ಪ ಪಠ್ಯಪುಸ್ತಕ, ವಿಡಿಯೊ ಪಾಠ, ಪ್ರಶ್ನೋತ್ತರದ ಆ್ಯಪ್, ಮತ್ತೆ ಹಿರಿಯ ಟ್ರೈನರ್ ಒಬ್ಬರ ಪಕ್ಕದಲ್ಲಿ ನಿಂತು ಜಿಮ್‌ನಲ್ಲೇ ಕಲಿಯುವುದು. ಈ ನಾಲ್ಕನ್ನೂ ಮಾಡಿ ನೋಡಿದೆ. ಈಗ ತಯಾರಿ ಶುರು ಮಾಡುವವರು "ಯಾವುದು ಒಳ್ಳೆಯದು?" ಎಂದು ಕೇಳುತ್ತಾರೆ. "ಯಾವ ಪಾಠಕ್ಕೆ?" ಎಂದು ನಾನು ತಿರುಗಿ ಕೇಳುತ್ತೇನೆ. ಸ್ನಾಯುಗಳ ಪಾಠದಲ್ಲಿ ಗೆದ್ದ ದಾರಿ ಶಕ್ತಿಯ ಪಾಠದಲ್ಲಿ ಸೋತಿತು. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎರಡು ತಿಂಗಳಾದರೂ ಉಳಿಯುತ್ತಿತ್ತು.

ಯಾವ ಸಂಸ್ಥೆಯ ಸರ್ಟಿಫಿಕೇಟ್ ಎಂಬ ಚರ್ಚೆಯಲ್ಲೇ ಎಷ್ಟೋ ಜನ ವಾರಗಟ್ಟಲೆ ಕಳೆಯುತ್ತಾರೆ. ಎಸಿಎಸ್‌ಎಂ, ಎನ್‌ಎಸ್‌ಸಿಎ, ಎಸಿಇ, ಎನ್‌ಎಎಸ್‌ಎಂ, ಇವೆಲ್ಲ ಟ್ರೈನರ್ ಸರ್ಟಿಫಿಕೇಟ್ ಕೊಡುವ ಅಮೆರಿಕದ ಸಂಸ್ಥೆಗಳು. ಒಬ್ಬೊಬ್ಬರು ಕಲಿಸುವ ಕ್ರಮ ಬೇರೆ. ಎನ್‌ಎಎಸ್‌ಎಂ ತರಬೇತಿಯನ್ನು ಐದು ಹಂತ ಮಾಡಿ, ಸ್ಥಿರತೆಯಿಂದ ಶುರು ಮಾಡಿ ಪವರ್‌ವರೆಗೆ ಒಯ್ಯುತ್ತದೆ. ಎಸಿಇ ಹೃದಯ–ಶ್ವಾಸಕೋಶದ ತರಬೇತಿ ಒಂದು ಕಡೆ, ಸ್ನಾಯು ತರಬೇತಿ ಇನ್ನೊಂದು ಕಡೆ ಎಂದು ಹೇಳಿಕೊಡುತ್ತದೆ. ಆದರೆ ಮೂಳೆ, ಸ್ನಾಯು, ಶಕ್ತಿ, ಹೃದಯ ಬಡಿತ, ಅಪಾಯ ಗುರುತಿಸುವುದು, ಕಾರ್ಯಕ್ರಮ ಬರೆಯುವುದು, ಈ ಅಡಿಪಾಯ ಎಲ್ಲ ಕಡೆಯೂ ಇದೆ. ಸರ್ಟಿಫಿಕೇಟ್‌ಗಳನ್ನು ಪರಿಶೀಲಿಸಿ ಮಾನ್ಯ ಮಾಡುವ ಎನ್‌ಸಿಸಿಎಯ ಮಾನ್ಯತೆ ಇದೆಯಾ ಎಂದು ನೋಡಿಕೊಂಡು ಒಂದನ್ನು ಆರಿಸಿ, ಓದಲು ಕೂತುಬಿಡಿ.

ಸ್ನಾಯುಗಳನ್ನು ನಾನು ಪುಸ್ತಕದಿಂದಲೇ ಶುರು ಮಾಡಿದೆ. ಪ್ರತಿ ಸ್ನಾಯು ಎಲ್ಲಿ ಹುಟ್ಟುತ್ತದೆ, ಎಲ್ಲಿ ಅಂಟಿಕೊಳ್ಳುತ್ತದೆ, ಏನು ಕೆಲಸ ಮಾಡುತ್ತದೆ ಎಂಬ ಪಟ್ಟಿ. ಬಾಯಿಪಾಠ ಮಾಡಿದೆ. ಮೂರು ವಾರದಲ್ಲಿ ಅರ್ಧ ಮರೆತಿತ್ತು. ಆ್ಯಪ್‌ನ ಫ್ಲ್ಯಾಶ್‌ಕಾರ್ಡ್‌ಗಳು ಹೆಸರನ್ನು ತಲೆಯಲ್ಲಿ ಉಳಿಸಿದವು, ಆದರೆ ಹೆಸರನ್ನು ಮಾತ್ರ.

ಆಮೇಲೆ ಒಂದು ದಿನ ಹಿರಿಯ ಟ್ರೈನರ್ ಕುರ್ಚಿ ಎಳೆದು ನನ್ನನ್ನು ಕೂರಿಸಿದರು. "ಮೀನಖಂಡ ಹಿಡಿದುಕೊಳ್ಳಿ. ಈಗ ಹಿಮ್ಮಡಿ ಎತ್ತಿ." ಎತ್ತಿದೆ. "ಈಗ ನಿಂತುಕೊಂಡು ಎತ್ತಿ, ಬಗ್ಗಿ ಮುಟ್ಟಿ ನೋಡಿ." ವ್ಯತ್ಯಾಸ ಕೈಗೇ ಗೊತ್ತಾಯಿತು. ನಿಂತಾಗ ಮೇಲಿನ ಉಬ್ಬು ಕಲ್ಲಿನಂತೆ ಗಟ್ಟಿಯಾಗುತ್ತದೆ. ಕೂತಾಗ ಅದು ಅಷ್ಟು ಬಿಗಿಯುವುದಿಲ್ಲ. ಆ ಉಬ್ಬು ಗ್ಯಾಸ್ಟ್ರೊಕ್ನೀಮಿಯಸ್. ಅದು ಮಂಡಿಯನ್ನೂ ದಾಟುತ್ತದೆ, ಕಣಕಾಲಿನ ಕೀಲನ್ನೂ ದಾಟುತ್ತದೆ. ಮಂಡಿ ಮಡಚಿದರೆ ಅದು ಸಡಿಲಗೊಂಡು, ಕೆಲಸದ ಹೆಚ್ಚು ಭಾಗ ಅದರ ಒಳಗಿರುವ ಸೋಲಿಯಸ್ ಮೇಲೆ ಬೀಳುತ್ತದೆ. ಸೋಲಿಯಸ್ ಮಂಡಿಯನ್ನು ದಾಟುವುದಿಲ್ಲ. ಪುಸ್ತಕದಲ್ಲಿ ಇದೇ ಮಾತು ಒಂದು ಸಾಲಿನಲ್ಲಿತ್ತು. ನಾನು ಅದರ ಕೆಳಗೆ ಗೆರೆ ಕೂಡ ಎಳೆದಿದ್ದೆ. ಅರ್ಥವಾದದ್ದು ಕುರ್ಚಿಯ ಮೇಲೆ.

ಅಂದಿನಿಂದ ಪ್ರತಿ ಸ್ನಾಯುವನ್ನೂ ಮೈಮೇಲೆ ಹುಡುಕಿ ಕಲಿತೆ. ಮೊಣಕೈ ಮಡಚಿ, ಕೆಳಗೆ ನೋಡುವ ಅಂಗೈಯನ್ನು ಮೇಲಕ್ಕೆ ತಿರುಗಿಸಿ. ಬೈಸೆಪ್ಸ್ ಉಬ್ಬುವುದು ಕಾಣುತ್ತದೆ ಅಲ್ವಾ? ಮೊಣಕೈ ಮಡಚುವುದಷ್ಟೇ ಅಲ್ಲ, ಅಂಗೈ ತಿರುಗಿಸುವುದೂ ಅದರ ಕೆಲಸ. ತೊಡೆಯ ಮುಂದಿನ ನಾಲ್ಕು ಸ್ನಾಯುಗಳಲ್ಲಿ ಸೊಂಟದ ಕೀಲನ್ನು ದಾಟುವುದು ರೆಕ್ಟಸ್ ಫೆಮೊರಿಸ್ ಒಂದೇ. ಆ ತೊಡೆಯ ಸ್ಟ್ರೆಚ್ ಮಾಡಿಸುವಾಗ ಸೊಂಟ ಮುಂದಕ್ಕೆ ಬಾಗಲು ಬಿಡಬಾರದು ಎಂದು ಯಾಕೆ ಹೇಳುತ್ತಾರೆ ಎನ್ನುವುದಕ್ಕೂ ಉತ್ತರ ಅಲ್ಲೇ ಇದೆ: ಬಾಗಿದರೆ ಆ ಸ್ನಾಯು ಸಡಿಲಗೊಳ್ಳುತ್ತದೆ. ಸ್ನಾಯುಗಳ ಪಾಠಕ್ಕೆ ಜಿಮ್‌ನ ಮುಂದೆ ಬೇರೆ ಯಾವುದೂ ನಿಲ್ಲಲಿಲ್ಲ. ಚಲನೆಯ ಮೂರು ಸಮತಲಗಳಿಗೆ ಮಾತ್ರ ವಿಡಿಯೊ ಚೆನ್ನಾಗಿ ಕೆಲಸ ಮಾಡಿತು. ಸ್ಕ್ವಾಟ್ ಮುಂದೆ–ಹಿಂದಿನ ಸಮತಲ, ಪಕ್ಕಕ್ಕೆ ಹಾಕುವ ಲಂಜ್ ಎಡ–ಬಲದ ಸಮತಲ, ಮೈ ತಿರುಗಿಸುವುದು ಅಡ್ಡ ಸಮತಲ. ಹತ್ತು ನಿಮಿಷ ನೋಡಿದರೆ ಸಾಕು, ಮರೆಯುವುದಿಲ್ಲ.

ಶಕ್ತಿಯ ಪಾಠ ಎಂದರೆ ವ್ಯಾಯಾಮಕ್ಕೆ ದೇಹ ಇಂಧನ ಒದಗಿಸುವ ಬಗೆ. ಅದರಲ್ಲಿ ಇದೇ ವಿಡಿಯೊ ನನಗೆ ತೊಂದರೆ ಮಾಡಿತು. ನಾನು ನೋಡಿದ ಪಾಠಗಳಲ್ಲಿ ಮೂರು ಶಕ್ತಿ ವ್ಯವಸ್ಥೆಗಳನ್ನು ರಿಲೇ ಓಟದ ಹಾಗೆ ತೋರಿಸಿದ್ದರು. ಮೊದಲ ಸುಮಾರು 10 ಸೆಕೆಂಡ್ ಸ್ನಾಯುವಿನಲ್ಲೇ ಕೂಡಿಟ್ಟ ಫಾಸ್ಫೊಕ್ರಿಯಾಟಿನ್, ಅದು ಮುಗಿದ ಮೇಲೆ ಸುಮಾರು 2 ನಿಮಿಷದವರೆಗೆ ಸಕ್ಕರೆ ಒಡೆದು ಶಕ್ತಿ ಪಡೆಯುವ ಗ್ಲೈಕೊಲಿಸಿಸ್, ಆಮೇಲೆ ಆಮ್ಲಜನಕ ಬಳಸುವ ವ್ಯವಸ್ಥೆ. ನೋಡಲು ಸುಲಭ, ನೆನಪಿಡಲೂ ಸುಲಭ. ನಿಜದಲ್ಲಿ ಮೂರೂ ಯಾವಾಗಲೂ ಒಟ್ಟಿಗೆ ನಡೆಯುತ್ತಿರುತ್ತವೆ. ಎಷ್ಟು ಜೋರಾಗಿ, ಎಷ್ಟು ಹೊತ್ತು ಮಾಡುತ್ತೀರಿ ಎಂಬುದರ ಮೇಲೆ ಪಾಲು ಬದಲಾಗುತ್ತದೆ, ಅಷ್ಟೇ. ಇದನ್ನು ತಾಳ್ಮೆಯಿಂದ ವಿವರಿಸಿದ್ದು ಪುಸ್ತಕ. ಒಂದು ಅಧ್ಯಾಯವನ್ನು ನಾಲ್ಕು ಸಲ ಓದಿದೆ. ಖಾಲಿಯಾದ ಫಾಸ್ಫೊಕ್ರಿಯಾಟಿನ್ ಬಹುಪಾಲು ತುಂಬಿಕೊಳ್ಳಲು 3ರಿಂದ 5 ನಿಮಿಷ ಬೇಕು ಎಂದು ಅಲ್ಲಿ ತಿಳಿದ ಮೇಲೆ, ಭಾರ ಎತ್ತುವ ಸೆಟ್‌ಗಳ ನಡುವೆ ಯಾಕೆ ಅಷ್ಟು ವಿಶ್ರಾಂತಿ ಕೊಡುತ್ತಾರೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ವಿಶ್ರಾಂತಿಯ ಪಟ್ಟಿಯನ್ನು ಬಾಯಿಪಾಠ ಮಾಡುವುದನ್ನೇ ಬಿಟ್ಟೆ.

ಹೃದಯ ಬಡಿತದ ಲೆಕ್ಕಕ್ಕೆ ಆ್ಯಪ್ ಒಳ್ಳೆಯದು. ಲೆಕ್ಕ ಕೈಗೆ ಕೂರಬೇಕು, ಅದಕ್ಕೆ ಐವತ್ತು ಸಲ ಮಾಡಬೇಕು. ನಿಮಿಷಕ್ಕೆ ಗರಿಷ್ಠ ಬಡಿತ ಎಷ್ಟು ಎಂದು ಅಂದಾಜಿಸಲು 220ರಿಂದ ವಯಸ್ಸು ಕಳೆಯುವುದು ಹಳೆಯ ಸೂತ್ರ. 2001ರಲ್ಲಿ ಬಂದ ತನಾಕಾ ಸೂತ್ರದಲ್ಲಿ ವಯಸ್ಸಿನ 0.7 ಪಟ್ಟನ್ನು 208ರಿಂದ ಕಳೆಯುತ್ತಾರೆ. 40 ವರ್ಷದವರಿಗೆ ಎರಡರಲ್ಲೂ 180 ಬರುತ್ತದೆ. 60 ವರ್ಷದವರಿಗೆ ಒಂದರಲ್ಲಿ 160, ಇನ್ನೊಂದರಲ್ಲಿ 166. ಕಾರ್ವೊನೆನ್ ವಿಧಾನದಲ್ಲಿ ವಿಶ್ರಾಂತಿಯ ಬಡಿತವೂ ಸೇರುತ್ತದೆ: ಗರಿಷ್ಠದಿಂದ ಅದನ್ನು ಕಳೆದು, ಉಳಿದದ್ದರ ಶೇಕಡಾ ತೆಗೆದು, ಮತ್ತೆ ಅದನ್ನೇ ಕೂಡಿಸುತ್ತಾರೆ. ಗರಿಷ್ಠ 180, ವಿಶ್ರಾಂತಿಯಲ್ಲಿ 60 ಇದ್ದವರಿಗೆ 60 ಶೇಕಡಾ ತೀವ್ರತೆ ಎಂದರೆ 132. ಸುಮ್ನೆ 180ರ 60 ಶೇಕಡಾ ತೆಗೆದರೆ 108. ಇಷ್ಟು ಅಂತರ!

ಆದರೆ ಈ ಯಾವ ಸೂತ್ರವೂ ಉಪಯೋಗಕ್ಕೆ ಬಾರದ ಸಂದರ್ಭ ಜಿಮ್‌ನಲ್ಲಿ ಎದುರಾಯಿತು. ಒಬ್ಬರು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಆ ಮಾತ್ರೆ ಹೃದಯ ಬಡಿತ ಏರದಂತೆ ತಡೆಯುತ್ತದೆ. ಅವರು ಬೆವರಿ ಏದುಸಿರು ಬಿಡುತ್ತಿದ್ದರೂ ವಾಚ್‌ನಲ್ಲಿ ಕಡಿಮೆ ಸಂಖ್ಯೆ ಕಾಣುತ್ತಿತ್ತು. ಹಿರಿಯ ಟ್ರೈನರ್ ವಾಚ್ ನೋಡಲೇ ಇಲ್ಲ. ಅವರ ಜೊತೆ ಮಾತಾಡುತ್ತಾ ಹೋದರು. ಪೂರ್ತಿ ವಾಕ್ಯ ಹೇಳಲು ಆಗುತ್ತಿದೆಯಾ, ಅಥವಾ ಎರಡು ಪದಕ್ಕೆ ಉಸಿರು ಕಟ್ಟುತ್ತಿದೆಯಾ ಎಂದು ಕೇಳಿಸಿಕೊಂಡು ವೇಗ ಇಳಿಸಿದರು. ಜೊತೆಗೆ ಬೋರ್ಗ್ ಅಳತೆಯಲ್ಲಿ, ಅಂದರೆ 6ರಿಂದ 20ರವರೆಗೆ, ಎಷ್ಟು ಕಷ್ಟ ಅನಿಸುತ್ತಿದೆ ಎಂದು ಕೇಳಿದರು.

ಯಾರಿಗೆ ವ್ಯಾಯಾಮ ಶುರು ಮಾಡಿಸಬಹುದು, ಯಾರನ್ನು ಮೊದಲು ವೈದ್ಯರ ಬಳಿ ಕಳಿಸಬೇಕು ಎಂಬ ಪಾಠಕ್ಕೂ ಆ್ಯಪ್‌ನ ಸನ್ನಿವೇಶದ ಪ್ರಶ್ನೆಗಳೇ ಹೆಚ್ಚು ಸಹಾಯ ಮಾಡಿದವು. ವ್ಯಾಯಾಮಕ್ಕೆ ಮೊದಲು ಆರೋಗ್ಯ ವಿಚಾರಿಸುವ ಪಾರ್‌–ಕ್ಯೂ ಪ್ಲಸ್ ನಮೂನೆಯ ಮೊದಲ ಪುಟದ 7 ಪ್ರಶ್ನೆಗಳನ್ನು ಓದುವುದು ಬೇರೆ, "ಈ ವ್ಯಕ್ತಿಗೆ ಏನು ಹೇಳುತ್ತೀರಿ?" ಎಂದಾಗ ನಿರ್ಧರಿಸುವುದು ಬೇರೆ. ಆದರೆ ಒಂದು ಎಚ್ಚರಿಕೆ. ನಾನು ಬಳಸಿದ ಒಂದು ಆ್ಯಪ್‌ನಲ್ಲಿ, ವ್ಯಾಯಾಮದ ಮಧ್ಯೆ ಎದೆನೋವು ಬಂದರೆ ತೀವ್ರತೆ ಇಳಿಸಿ ಮುಂದುವರಿಸಿ ಎಂಬುದನ್ನು ಸರಿ ಉತ್ತರ ಎಂದು ತೋರಿಸಿದ್ದರು. ಇದು ತಪ್ಪು. ಅಲ್ಲಿಗೇ ನಿಲ್ಲಿಸಬೇಕು, ತಕ್ಷಣ ವೈದ್ಯಕೀಯ ನೆರವು ಕರೆಯಬೇಕು. ನನಗೆ ನಿಜಕ್ಕೂ ಕೋಪ ಬಂತು. ಹತ್ತಾರು ಜನ ಅದನ್ನೇ ಕಲಿತು ಹೋಗಿರಬಹುದಲ್ಲ! ಆ್ಯಪ್‌ನ ಪ್ರತಿ ಉತ್ತರವನ್ನೂ ಪುಸ್ತಕದ ಜೊತೆ ಹೋಲಿಸಿ ನೋಡುವ ಅಭ್ಯಾಸ ಆಗಿನಿಂದ ಶುರುವಾಯಿತು.

ಆಹಾರದ ಪಾಠ ಯಾವ ದಾರಿಯಲ್ಲಾದರೂ ಆಗುತ್ತದೆ. ಒಂದು ಗ್ರಾಂ ಪ್ರೋಟೀನ್‌ಗೂ ಕಾರ್ಬೊಹೈಡ್ರೇಟ್‌ಗೂ 4 ಕ್ಯಾಲೊರಿ, ಕೊಬ್ಬಿಗೆ 9. ಕಾಯಿಲೆಗೆ ಪಥ್ಯ ಬರೆದುಕೊಡುವುದು ಟ್ರೈನರ್ ಕೆಲಸ ಅಲ್ಲ ಎಂಬುದನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ.

ಕಾರ್ಯಕ್ರಮ ಬರೆಯುವುದರಲ್ಲಿ ನನಗೆ ಜಾಸ್ತಿ ಧೈರ್ಯವಿತ್ತು. ಹೊರೆಯನ್ನು ನಿಧಾನವಾಗಿ ಏರಿಸುವುದು, ಗುರಿಗೆ ತಕ್ಕ ವ್ಯಾಯಾಮ ಕೊಡುವುದು, ಬಿಟ್ಟರೆ ಗಳಿಸಿದ್ದು ಕರಗುತ್ತದೆ ಎಂಬುದು, ಎಲ್ಲವೂ ಪುಸ್ತಕದಿಂದ ಗೊತ್ತಿತ್ತು. ಹೊಸಬರೊಬ್ಬರಿಗೆ ವಾರಕ್ಕೆ ಐದು ದಿನದ ಯೋಜನೆ ಬರೆದುಕೊಂಡು ಹೋದೆ. ಹಿರಿಯ ಟ್ರೈನರ್ ಓದಿ, "ಇವರಿಗೆ ವಾರದಲ್ಲಿ ಎಷ್ಟು ದಿನ ಬಿಡುವಿದೆ?" ಎಂದು ಕೇಳಿದರು. ನಾನು ಕೇಳಿರಲೇ ಇಲ್ಲ. ಕೇಳಿದರೆ ಎರಡು ದಿನ. ಮತ್ತೆ ಬರೆದೆ: ಕೂತು ಏಳುವುದು, ತಳ್ಳುವುದು, ಎಳೆಯುವುದು, ಒಂಟಿ ಕಾಲಿನದ್ದೊಂದು, ಮೈ ತಿರುಗಿಸುವುದೊಂದು, ಎರಡೂ ದಿನ ಇಡೀ ಮೈಗೆ. ಇಂಥ ಹನ್ನೆರಡು ಯೋಜನೆ ಬರೆದು ತಿದ್ದಿಸಿಕೊಂಡೆ. ಪರೀಕ್ಷೆಯ ಕಾರ್ಯಕ್ರಮದ ಪ್ರಶ್ನೆಗಳು ಆಮೇಲೆ ಹಗುರವಾದವು.

ಕೊನೆಗೆ ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಕೊಡುವ ತುರ್ತು ನೆರವು. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರವಾದ ಎಇಡಿಯ ಬಳಕೆಯೂ ಇದರಲ್ಲೇ ಬರುತ್ತದೆ. ವಿಡಿಯೊದಲ್ಲಿ ಇದು ಬಹಳ ಸುಲಭ ಕಾಣುತ್ತದೆ. ವಯಸ್ಕರಿಗೆ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು. ನಾನು ಮೂರು ವಿಡಿಯೊ ನೋಡಿಕೊಂಡೇ ತರಗತಿಗೆ ಹೋಗಿದ್ದೆ. ಬೊಂಬೆಯ ಮೇಲೆ ಕೈ ಇಟ್ಟು ಒತ್ತಿದಾಗ ಬೋಧಕರು ತಲೆ ಅಲ್ಲಾಡಿಸಿದರು, ನನ್ನ ಒತ್ತು ಅರ್ಧ ಆಳಕ್ಕೂ ಇಳಿದಿರಲಿಲ್ಲ. ಮೊಣಕೈ ನೆಟ್ಟಗೆ ಮಾಡಿ, ಭುಜವನ್ನು ಕೈಯ ನೇರ ಮೇಲೆ ತಂದು, ಮೈಭಾರ ಹಾಕಿ ಒತ್ತಿದಾಗ ಸರಿಯಾದ ಆಳ ಸಿಕ್ಕಿತು. ಎರಡು ನಿಮಿಷಕ್ಕೆ ತೋಳು ನಡುಗುತ್ತಿತ್ತು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಎಂಬ ನಿಯಮ ಯಾಕಿದೆ ಎಂದು ಆ ಹೊತ್ತಿಗೆ ನನ್ನ ಭುಜಕ್ಕೇ ಗೊತ್ತಾಗಿತ್ತು.