ಒಂದೇ ಕಿಟ್, ಮೂರು ಹಿಡಿ: ಬೀಟೆ, ಎಮ್ಮೆಕೊಂಬು, ಹಳೆಯ ಜೀನ್ಸ್

ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಜೇಬಿನಲ್ಲೊಂದು ಮಡಿಸುವ ಚಾಕು ಇಲ್ಲದೆ ದಿನ ಸಾಗುವುದಿಲ್ಲ. ಬಾಳೆಎಲೆ ಕೊಯ್ಯುವುದಕ್ಕೂ ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದಕ್ಕೂ ಅದೇ ಬೇಕು. ಕಳೆದ ಬೇಸಿಗೆಯಲ್ಲಿ ಚಾಕುವನ್ನು ನಾವೇ ಜೋಡಿಸಿಕೊಳ್ಳುವ ಒಂದೇ ಮಾದರಿಯ ಮೂರು ಕಿಟ್ ತರಿಸಿ, ಮೂರಕ್ಕೂ ಬೇರೆ ಬೇರೆ ಹಿಡಿ ಹಾಕಿದೆ. ಇಡೀ ಮಳೆಗಾಲ ಅವನ್ನು ಸರದಿಯ ಮೇಲೆ ಬಳಸಿದ್ದೇನೆ.

ಕಿಟ್‌ನಲ್ಲಿ ಹದ ಹಾಕಿದ ಅಲಗು, ಬೆನ್ನಿನ ಸ್ಪ್ರಿಂಗ್, ಎರಡು ಹಿತ್ತಾಳೆ ಪಟ್ಟಿ ಮತ್ತು ಪಿನ್ನುಗಳಿರುತ್ತವೆ. ಪಟ್ಟಿಗಳ ಹೊರಮೈಗೆ ಅಂಟಿಸುವ ಹೊದಿಕೆ ಮಾತ್ರ ನಮ್ಮದು. ಉಜ್ಜುವಾಗ ಅಲಗು ಬಿಸಿಯಾಗಿ ನೀಲಿಗಟ್ಟಿದರೆ ಹದ ಹೋಯಿತೆಂದೇ ಲೆಕ್ಕ, ಆದ್ದರಿಂದ ಪಕ್ಕದಲ್ಲಿ ನೀರಿನ ಬಟ್ಟಲು ಇರಲೇಬೇಕು.

ಬೀಟೆ ಸಿಕ್ಕಿದ್ದು ಅಜ್ಜನ ಮಂಚದ ಮುರಿದ ಕಾಲಿನಿಂದ. ಗರಗಸ ಎಳೆದಂತೆ ನೇರಳೆ ಬೆರೆತ ಕಂದು ಹೊಟ್ಟು ಉದುರಿತು, ಕೋಣೆಯ ತುಂಬ ಸಿಹಿ ಪರಿಮಳ. ಆ ಹೊಟ್ಟು ಗಂಟಲಿಗೂ ಚರ್ಮಕ್ಕೂ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಬೇಕು. ಮರದಲ್ಲೇ ಎಣ್ಣೆಯ ಅಂಶವಿರುವುದರಿಂದ ಅಂಟು ಹಚ್ಚುವ ಮುನ್ನ ಅಸಿಟೋನ್‌ನಿಂದ ಒರೆಸಬೇಕು. ಮೊದಲ ಸಲ ನಾನು ಒರೆಸಿರಲಿಲ್ಲ. ಎರಡನೆಯ ದಿನವೇ ಒಂದು ಬದಿ ಹಪ್ಪಳದಂತೆ ಎದ್ದು ಬಂತು. ಮತ್ತೆ ಅಂಟಿಸಿ, ಅಗಸೆ ಎಣ್ಣೆಯನ್ನು ಐದು ಸಲ ತೆಳ್ಳಗೆ ಹಚ್ಚಿ ಒಣಗಿಸಿದೆ. ಆಷಾಢದ ಮಳೆಯಲ್ಲಿ ಮರ ಕೂದಲೆಳೆಯಷ್ಟು ಉಬ್ಬಿ, ಹಿತ್ತಾಳೆಯ ಅಂಚನ್ನು ದಾಟಿದ್ದು ಉಗುರಿಗೆ ತಿಳಿಯುತ್ತಿತ್ತು. ಆದರೂ ಅಲಗು ಸಲೀಸಾಗಿ ಮಡಿಚುತ್ತಿತ್ತು, ಏಕೆಂದರೆ ಅದು ತಿರುಗುವುದು ಹಿತ್ತಾಳೆ ಪಟ್ಟಿಗಳ ನಡುವೆ. ಫ್ರಾನ್ಸಿನ ಒಪಿನೆಲ್ ಚಾಕುವಿನಲ್ಲಿ ಅಲಗು ನೇರವಾಗಿ ಮರದ ಸೀಳಿನೊಳಗೆ ಮಡಿಚುತ್ತದೆ, ಹಿಡಿ ನೆನೆದರೆ ಸಿಕ್ಕಿಹಾಕಿಕೊಳ್ಳುತ್ತದೆ. ದೀಪಾವಳಿಯ ಹೊತ್ತಿಗೆ ಬೀಟೆ ತಾನಾಗಿಯೇ ತನ್ನ ಅಳತೆಗೆ ಮರಳಿತು.

ಎಮ್ಮೆಕೊಂಬಿನ ಮೇಲೆ ನನಗೆ ಬಹಳ ಆಸೆಯಿತ್ತು. ಮೆರುಗು ಕೊಟ್ಟಾಗ ಕಪ್ಪಿನೊಳಗೆ ಜೇನುಬಣ್ಣದ ಎಳೆಗಳು ಮೂಡಿದವು. ಅಷ್ಟು ಚೆಲುವು ಬೀಟೆಗೂ ಇಲ್ಲ. ಉಜ್ಜುವಾಗ ಮಾತ್ರ ಕೂದಲು ಸುಟ್ಟ ವಾಸನೆ, ಹಾಗಾಗಿ ಕೊಟ್ಟಿಗೆಯ ಆಚೆ ಕುಳಿತು ಕೆಲಸ ಮಾಡಿದೆ. ಬಾಗಿದ್ದ ತುಂಡುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಎರಡು ಹಲಗೆಗಳ ನಡುವೆ ರಾತ್ರಿಯಿಡೀ ಒತ್ತಿ ನೇರ ಮಾಡಿದ್ದೆ. ಕೊನೆಯ ಪಿನ್ನಿನ ತಲೆಗೆ ಒಂದೇ ಒಂದು ಏಟು ಹೆಚ್ಚಾಯಿತು, ತೂತಿನಿಂದ ಅಂಚಿನವರೆಗೆ ಸೀಳು ಬಿತ್ತು. ಸುತ್ತಿಗೆಯ ಏಟಿಗೆ ಪಿನ್ ತೂತಿನೊಳಗೇ ದಪ್ಪಗಾಗುತ್ತದೆ, ಕೊಂಬು ಅದನ್ನು ತಾಳುವುದಿಲ್ಲ. ತೂತನ್ನು ಸ್ವಲ್ಪ ಸಡಿಲವಾಗಿ ಕೊರೆದು ಎರಡನೆಯ ಜೋಡಿ ಹಾಕಿದೆ. ಮಳೆ ಹಿಡಿದು ಮೂರು ವಾರಕ್ಕೆ ಅದರ ತುದಿ ಮತ್ತೆ ಬಾಗಿ, ಹಿತ್ತಾಳೆಗೂ ಕೊಂಬಿಗೂ ನಡುವೆ ಕಾಗದ ತೂರುವಷ್ಟು ಸಂದಾಯಿತು. ಬಳ್ಳಾರಿಯ ಒಣಹವೆಯಲ್ಲಿ ಅದು ನೆಟ್ಟಗೆ ನಿಂತೀತು. ಮಲೆನಾಡಿಗೆ ಬೇಡ.

ಮೂರನೆಯದು ಹಳೆಯ ಜೀನ್ಸ್. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ 1910ರ ಸುಮಾರಿಗೆ ವಿದ್ಯುತ್ ನಿರೋಧಕವಾಗಿ ತಯಾರಿಸಿದ ಮೈಕಾರ್ಟಾ ಎಂಬುದು ಬಟ್ಟೆ ಅಥವಾ ಕಾಗದದ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆ. ಅದೇ ರೀತಿ ನಾನು ಹತ್ತು ಪದರ ಜೀನ್ಸ್ ಬಟ್ಟೆಗೆ ಎಪಾಕ್ಸಿ ರಾಳ ಸವರಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಒಂದು ದಿನ ಕ್ಲಾಂಪ್‌ನಲ್ಲಿ ಬಿಗಿದಿಟ್ಟೆ. ಅಂಚನ್ನು ಅರದಿಂದ ಉರುಟಾಗಿ ಉಜ್ಜಿದಂತೆ ಇಳಿಜಾರಿನ ಗದ್ದೆಯ ಬದುಗಳಂತೆ ನೀಲಿ ಗೆರೆಗಳು ಎದ್ದುಬಂದವು. ನುಣುಪು ಮಾಡಲಿಲ್ಲ, 220ರ ಉಪ್ಪುಕಾಗದಕ್ಕೇ ನಿಲ್ಲಿಸಿದೆ. ಒದ್ದೆ ಕೈಯಲ್ಲಿ ಜಾರದೆ ನಿಲ್ಲುವುದು ಮೂರರಲ್ಲಿ ಇದೊಂದೇ. ಉಬ್ಬಲಿಲ್ಲ, ಬಾಗಲಿಲ್ಲ.

ಯಾವ ಹಿಡಿಯಾದರೂ ಅಲಗಿನ ಪಿನ್ ಬಡಿಯುವ ಕ್ರಮ ಒಂದೇ. ತಂಪು ಪಾನೀಯದ ಡಬ್ಬಿಯ ತಗಡಿನಲ್ಲಿ ಒಂದು ಪಟ್ಟಿ ಕತ್ತರಿಸಿ, ಪಿನ್ ಕೂರುವಂತೆ ಸೀಳು ಮಾಡಿ, ಅಲಗಿಗೂ ಹಿತ್ತಾಳೆಗೂ ನಡುವೆ ಇಡಬೇಕು. ಪಿನ್ ಬಡಿದಾದ ಮೇಲೆ ಅದನ್ನು ಎಳೆದು ತೆಗೆದರೆ ಅಲಗು ತಿರುಗುವಷ್ಟು ಜಾಗ ಉಳಿಯುತ್ತದೆ. ಇದನ್ನು ಬಿಟ್ಟರೆ ಚಾಕು ತೆರೆಯಲು ಇಕ್ಕಳವೇ ಬೇಕಾಗುತ್ತದೆ.

ಕೆಲಸಕ್ಕೆಂದು ಕೇಳಿದರೆ ಜೀನ್ಸ್ ಹಿಡಿಯನ್ನೇ ಹೇಳುತ್ತೇನೆ, ಮೊದಲ ಸಲ ಮಾಡುವವರಿಗೂ ಅದೇ ಸರಿ. ಆದರೆ ಕೈ ತಾನಾಗಿ ಹುಡುಕುವುದು ಬೀಟೆಯನ್ನು. ಅದನ್ನು ಅಪ್ಪಯ್ಯ ಕೇಳಿ ಇಟ್ಟುಕೊಂಡಿದ್ದಾರೆ, ದಿನವೂ ಎಲೆಯಡಿಕೆ ಹಾಕುವಾಗ ಎಲೆಯ ತೊಟ್ಟು ಕತ್ತರಿಸುವುದು ಅದರಲ್ಲೇ. ಕೊಂಬಿನ ಚಾಕುವಿನ ಪಿನ್ನುಗಳನ್ನು ಮೊನ್ನೆ ಕೊರೆದು ತೆಗೆದೆ. ಮಂಚದ ಕಾಲಿನಲ್ಲಿ ಇನ್ನೂ ಒಂದು ಗೇಣು ಮರ ಉಳಿದಿದೆ.