ಪಟ್ಟಿ ಮಸೂರ: ಡಿಮೆನ್ಶಿಯಾ ಇರುವವರ ಓದಿಗೆ ಎಷ್ಟು ಆಸರೆ?

ಡಿಮೆನ್ಶಿಯಾ (ನೆನಪು, ಯೋಚನೆ ಕುಗ್ಗುವ ಕಾಯಿಲೆ) ಬಂದ ಎಷ್ಟೋ ಜನರಿಗೆ ಅಕ್ಷರ ಮರೆತಿರುವುದಿಲ್ಲ. ಸಾಲು ತಪ್ಪುತ್ತದೆ, ಪುಟದ ಮೇಲೆ ಓದಿದ್ದು ಕೆಳಗೆ ಬರುವಷ್ಟರಲ್ಲಿ ಹಾರಿಹೋಗುತ್ತದೆ. ಮೊದಲನೆಯದಕ್ಕೆ ಪಟ್ಟಿ ಮಸೂರ, ಅಂದರೆ ಸಾಲಿನ ಮೇಲೆ ಅಡ್ಡಲಾಗಿ ಇಟ್ಟು ಓದುವ ಉದ್ದನೆಯ ಅಕ್ರಿಲಿಕ್ ಭೂತಗನ್ನಡಿ, ಒಳ್ಳೆಯ ಆಸರೆ, ಎರಡನೆಯದಕ್ಕೆ ಅಲ್ಲ.

ಇದು ಅಕ್ಷರವನ್ನು ಎತ್ತರಕ್ಕೆ ಮಾತ್ರ ಹಿಗ್ಗಿಸುತ್ತದೆ, ಅಗಲ ಹಾಗೇ ಉಳಿಯುತ್ತದೆ. ಕೊಳ್ಳುವಾಗ ಕನ್ನಡ ಪುಟದ ಮೇಲೇ ಇಟ್ಟು ನೋಡಿ. ಪಟ್ಟಿ ಕಿರಿದಾದರೆ ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳ ಒತ್ತಕ್ಷರ ಕತ್ತರಿಸಿಹೋಗುತ್ತದೆ, ಅರ್ಧ ಅಕ್ಷರ ಕಂಡವರು ಸಿಡುಕಿ ಪುಸ್ತಕ ಮುಚ್ಚಿಬಿಡುತ್ತಾರೆ. ನಡುವೆ ಕೆಂಪು ಗೆರೆ ಇರುವುದಂತೂ ಬೇಡ, ಅದು ಅಕ್ಷರದ ಜೊತೆ ಕಲಸಿಹೋಗುತ್ತದೆ.

ಬರೀ ಪಟ್ಟಿ ಸಾಲದು. ಒಂದೇ ಪುಟದಲ್ಲಿ ಮುಗಿಯುವ ವಚನ, ಗಾದೆ, ನಗೆ ಪ್ರಸಂಗಗಳನ್ನು 18 ಪಾಯಿಂಟ್ ಗಾತ್ರದ ಅಕ್ಷರದಲ್ಲಿ, ಮಿರುಗದ ದಪ್ಪ ಕಾಗದದ ಒಂದೇ ಮಗ್ಗುಲಿಗೆ ಮುದ್ರಿಸಿ ಸ್ಪೈರಲ್ ಹಾಕಿಸಿ. ಜೆರಾಕ್ಸ್ ಅಂಗಡಿಯಲ್ಲೇ ಆಗುವ ಕೆಲಸ. ಪಟ್ಟಿ ಸರಿಸಲು ಮರೆತರೆ ನೀವು ಸರಿಸಿ, ಓದು ಮಾತ್ರ ಅವರದೇ ಇರಲಿ. ‘ಈಗ ಏನು ಓದಿದ್ರಿ?’ ಎಂದು ಪರೀಕ್ಷೆ ಮಾಡಬೇಡಿ. ಕಣ್ಣೆದುರಿನ ಸಾಲಿಗೆ ನಕ್ಕರೆ ಸಾಕು.

ಓದಿದ ಮೇಲೆ ಪಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಮಾತ್ರ ಬಿಡಬೇಡಿ: ಮಸೂರ ಬಿಸಿಲನ್ನು ಒಂದೆಡೆ ಕೂಡಿಸುವುದರಿಂದ ಬೆಂಕಿ ಹೊತ್ತಿಕೊಳ್ಳಬಹುದು.