ಬೆರಳುದ್ದದ ಕುದುರೆಗಳಿಗೆ ಸಾಫ್ಟ್ ಪೇಸ್ಟಲ್: ಮೂರು ವರ್ಷಗಳ ಬಳಕೆಯ ನಂತರ

ಅವೆನ್ಯೂ ರಸ್ತೆಯ ಅಂಗಡಿಯೊಂದರಲ್ಲಿ 2022ರ ಜುಲೈನಲ್ಲಿ ಕೊಂಡ 48 ತುಂಡುಗಳ ಸಾಫ್ಟ್ ಪೇಸ್ಟಲ್ (ಸೀಮೆಸುಣ್ಣದಂತೆ ಪುಡಿಯಾಗುವ ಬಣ್ಣದ ಕಡ್ಡಿ) ಪೆಟ್ಟಿಗೆಯೊಂದನ್ನು ಮೂರು ವರ್ಷ ಒಂದೇ ಕೆಲಸಕ್ಕೆ ಬಳಸಿದ್ದೇನೆ: ಪುಟ್ಟ ಪ್ಲಾಸ್ಟಿಕ್ ಕುದುರೆಗಳ ಕಾರ್ಖಾನೆ ಬಣ್ಣವನ್ನು ಮುಚ್ಚಿ, ಅವುಗಳಿಗೆ ನಿಜವಾದ ಕುದುರೆಯ ಮೈಬಣ್ಣ ಕೊಡುವುದು. ಇದುವರೆಗೆ ಹನ್ನೊಂದು ಕುದುರೆಗಳು ಮುಗಿದಿವೆ. ಮೈಬಣ್ಣದ ಮಟ್ಟಿಗೆ ಇದಕ್ಕೆ ಸಮನಾದ ಬೇರೆ ಸಾಮಗ್ರಿ ನನಗೆ ಸಿಕ್ಕಿಲ್ಲ. ಆದರೆ ಬೆಂಗಳೂರಿನ ಮಳೆಗಾಲದಲ್ಲಿ ಇದನ್ನು ಬಳಸುವವರು ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರಬೇಕು. ನನಗೆ ಅವು ತಿಳಿದದ್ದು ಎರಡು ಕುದುರೆಗಳು ಹಾಳಾದ ಮೇಲೆ.

ನಾನು ಬಣ್ಣ ಹಾಕುವ ಮಾದರಿಗಳಲ್ಲಿ ಹೆಚ್ಚಿನವು ಅಮೆರಿಕದ ಬ್ರೇಯರ್ ಸಂಸ್ಥೆ 1975ರಲ್ಲಿ ಆರಂಭಿಸಿದ ಸ್ಟೇಬಲ್‌ಮೇಟ್ಸ್ ಸರಣಿಯವು. ಅವುಗಳ ಅಳತೆ 1:32. ಭುಜದ ಬಳಿ ಐದಡಿ ಎತ್ತರವಿರುವ ಕುದುರೆ ಈ ಅಳತೆಯಲ್ಲಿ ಐದು ಸೆಂಟಿಮೀಟರ್‌ಗಿಂತ ತುಸು ಗಿಡ್ಡವಾಗುತ್ತದೆ. ಇಷ್ಟು ಸಣ್ಣ ಮೈಗೆ ಅಕ್ರಿಲಿಕ್ ಬಣ್ಣವನ್ನು ಎಷ್ಟೇ ತೆಳುವಾಗಿ ಹಚ್ಚಿದರೂ ಕುಂಚದ ಗೆರೆ ಉಳಿಯುತ್ತದೆ. ಆ ಗೆರೆಯನ್ನು ಮೂವತ್ತೆರಡು ಪಟ್ಟು ಹಿಗ್ಗಿಸಿ ಊಹಿಸಿಕೊಂಡರೆ ಅದು ಹಗ್ಗದಷ್ಟು ದಪ್ಪದ ಕೂದಲಾಗುತ್ತದೆ. ಪೇಸ್ಟಲ್ ಪುಡಿಯಲ್ಲಿ ಗೆರೆ ಎಂಬುದೇ ಇಲ್ಲ. ಬಿಳಿ ಗುರುತುಗಳನ್ನು ಬಿಟ್ಟರೆ ಕುದುರೆಯ ಮೈಯಲ್ಲಿ ಒಂದು ಬಣ್ಣ ಇನ್ನೊಂದರೊಳಗೆ ಕರಗುತ್ತಾ ಹೋಗುತ್ತದೆ, ಪುಡಿಯೂ ಹಾಗೆಯೇ ಕರಗುತ್ತದೆ.

ಪೆಟ್ಟಿಗೆಯ ನಿಜವಾದ ಯೋಗ್ಯತೆ ನನಗೆ ತಿಳಿದದ್ದು ಬೇ ಬಣ್ಣದ ಕುದುರೆಯಲ್ಲಿ. ಬೇ ಎಂದರೆ ಕೆಂಗಂದು ಮೈ, ಕಪ್ಪು ಕೇಸರ, ಕಪ್ಪು ಬಾಲ, ಮಂಡಿಯಿಂದ ಕೆಳಕ್ಕೆ ಕಪ್ಪು ಕಾಲುಗಳು. ಕಪ್ಪು ವರ್ಣದ್ರವ್ಯವನ್ನು ದೇಹದ ಈ ತುದಿಗಳಿಗೆ ಸೀಮಿತಗೊಳಿಸುವುದು ಅಗೌಟಿ ಎಂಬ ಜೀನ್. ಕೂದಲಿನಲ್ಲಿ ಆ ವರ್ಣದ್ರವ್ಯವೇ ಉಂಟಾಗದ, ಚೆಸ್ಟ್‌ನಟ್ ಎಂಬ ಕೆಂಗಂದು ಕುದುರೆಗೆ ನಿಜವಾದ ಕಪ್ಪು ಬಾಲ ಇರುವುದಿಲ್ಲ. ಇದನ್ನು ಅರಿತ ನಂತರವೇ ನನ್ನ ಕುದುರೆಗಳು ಆಟಿಕೆಯಂತೆ ಕಾಣುವುದು ನಿಂತಿತು. ಮೊದಲು ಮಾದರಿಯನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆಯನ್ನು ಬ್ಲೇಡಿನಿಂದ ಹೆರೆದು, 400 ಮತ್ತು 600ರ ವಾಟರ್ ಪೇಪರ್‌ನಿಂದ ಉಜ್ಜಿ, ಬೂದು ಪ್ರೈಮರ್ ಹೊಡೆದು ಇಡೀ ಒಂದು ದಿನ ಒಣಗಲು ಬಿಡುತ್ತೇನೆ. (ಹಳೆಯ ಬಣ್ಣ ತೆಗೆಯಲು ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಮಾತ್ರ ಬೇಡ, ಬಣ್ಣದ ಜೊತೆಗೆ ಪ್ಲಾಸ್ಟಿಕ್ಕೂ ಕರಗುತ್ತದೆ.) ಆಮೇಲೆ ಪೇಸ್ಟಲ್ ತುಂಡನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿ, ಒಣಗಿದ ಮೆತ್ತನೆಯ ಕುಂಚದಿಂದ ತಿಕ್ಕಬೇಕು. ತಳಕ್ಕೆ ಯೆಲ್ಲೊ ಓಕರ್ (ಮಣ್ಣಿನ ಹಳದಿ), ಅದರ ಮೇಲೆ ಬರ್ನ್ಟ್ ಸಿಯೆನ್ನಾ (ಕೆಂಗಂದು), ಬೆನ್ನಿಗೂ ಕತ್ತಿನ ಮೇಲ್ಭಾಗಕ್ಕೂ ಬರ್ನ್ಟ್ ಅಂಬರ್ (ಗಾಢ ಕಂದು). ಹೊಟ್ಟೆಯಡಿಯಲ್ಲಿ ಮತ್ತು ತೊಡೆಸಂದಿನಲ್ಲಿ ತಳದ ಓಕರ್ ಹಾಗೆಯೇ ಇಣುಕಬೇಕು. ಪ್ರತಿ ಪದರದ ಮೇಲೂ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಮಾಡದಿದ್ದರೆ ಮುಂದಿನ ಪುಡಿ ಹಿಡಿಯುವುದಿಲ್ಲ. ನನಗೆ ಸಾಮಾನ್ಯವಾಗಿ ಏಳು ಪದರಗಳು ಬೇಕಾಗುತ್ತವೆ. ವಾರ್ನಿಷ್ ತಾಗಿದೊಡನೆ ಬಣ್ಣ ಒಂದು ಛಾಯೆ ಗಾಢವಾಗುವುದರಿಂದ, ಬೇಕಾದದ್ದಕ್ಕಿಂತ ತಿಳಿಯಾದ ಪುಡಿಯಿಂದಲೇ ಆರಂಭಿಸಬೇಕು. ಪುಡಿಯನ್ನು ಬಾಯಿಂದ ಊದಬಾರದು, ಕೆರೆಯುವಾಗಲೂ ಸ್ಪ್ರೇ ಮಾಡುವಾಗಲೂ ಮಾಸ್ಕ್ ಇರಲೇಬೇಕು.

ಪೇಸ್ಟಲ್‌ಗಿಂತ ಹೆಚ್ಚು ತೊಂದರೆ ಕೊಟ್ಟದ್ದು ಈ ವಾರ್ನಿಷ್. 2023ರ ಆಗಸ್ಟ್‌ನ ಒಂದು ಸಂಜೆ, ಹೊರಗೆ ತುಂತುರು ನಿಂತಿದ್ದಾಗ, ಹನುಮಂತನಗರದ ನಮ್ಮ ಮನೆಯ ಬಾಲ್ಕನಿಯಲ್ಲಿ ಕೊನೆಯ ಪದರ ಹೊಡೆದೆ. ಹತ್ತು ನಿಮಿಷದಲ್ಲಿ ಕುದುರೆಯ ಕಪ್ಪು ಕಾಲುಗಳ ಮೇಲೆ ಬೂದಿ ಬಳಿದಂತೆ ಬಿಳಿಯ ಮಸುಕು ಕೂತಿತು. ಸ್ಪ್ರೇಯಲ್ಲಿನ ದ್ರಾವಕ ಬೇಗನೆ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಆ ಪದರದೊಳಗೆ ಸಿಕ್ಕಿಕೊಳ್ಳುವುದೇ ಇದಕ್ಕೆ ಕಾರಣ. ಒಣ ದಿನದಲ್ಲಿ ಮತ್ತೊಂದು ತೆಳು ಪದರ ಹೊಡೆದಾಗ ಬೆನ್ನಿನ ಮೇಲಿನದು ಹೋಯಿತು, ಕಾಲುಗಳ ಮೇಲಿನದು ಹೋಗಲಿಲ್ಲ. ವಾರ್ನಿಷ್ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಹವೆಯನ್ನು ನೋಡದೆ ಸ್ಪ್ರೇ ಮಾಡಿದ ತಪ್ಪು ನನ್ನದು. ಅಂದಿನಿಂದ ಗೋಡೆಗೆ ತೇವಾಂಶ ಮಾಪಕವೊಂದನ್ನು ತೂಗುಹಾಕಿದ್ದೇನೆ, ಅದು ಶೇ. 60ಕ್ಕಿಂತ ಕಡಿಮೆ ತೋರಿಸಿದ ದಿನ ಮಾತ್ರ ಸ್ಪ್ರೇ ಮಾಡುತ್ತೇನೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಂಥ ದಿನಗಳು ಅಪರೂಪವಾದ್ದರಿಂದ ಆ ತಿಂಗಳುಗಳನ್ನು ಹೆರೆಯುವ, ಉಜ್ಜುವ ಕೆಲಸಕ್ಕೆ ಮೀಸಲಿಟ್ಟಿದ್ದೇನೆ. ಕುಂಚದಿಂದ ಹಚ್ಚುವ ವಾರ್ನಿಷ್ ಇದಕ್ಕೆ ಪರಿಹಾರವಲ್ಲ, ಅದು ಪುಡಿಯನ್ನು ಎಳೆದು ಕಲೆ ಮಾಡುತ್ತದೆ.

ಹಾಳಾದ ಎರಡನೆಯದು ಬಗ್ಗುವ ಮೆತ್ತನೆಯ ಪಿವಿಸಿ ಕುದುರೆ. ತಿಂಗಳು ಕಳೆದರೂ ಅದರ ಮೈ ಅಂಟಂಟಾಗಿಯೇ ಇತ್ತು. ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸುವ ದ್ರವ್ಯ ಮೇಲಕ್ಕೆ ಒಸರಿ ವಾರ್ನಿಷನ್ನು ಗಟ್ಟಿಯಾಗಲು ಬಿಡುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಮಾದರಿಗಳನ್ನೇ ಆರಿಸಿಕೊಳ್ಳಿ.

ಬಾಳಿಕೆಯ ವಿಷಯದಲ್ಲಿ ನಾನು ತೃಪ್ತ. ಓಕರ್, ಸಿಯೆನ್ನಾ, ಅಂಬರ್ ಇವೆಲ್ಲ ಕಬ್ಬಿಣದ ಆಕ್ಸೈಡ್ ಇರುವ ಮಣ್ಣಿನ ಬಣ್ಣಗಳು. ಪಶ್ಚಿಮದ ಕಿಟಕಿಯ ಪಕ್ಕದ ಕಪಾಟಿನಲ್ಲಿ ಮೂರು ವರ್ಷ ಇದ್ದರೂ ಮೊದಲ ಬೇ ಕುದುರೆಯ ಕೆಂಪು ಕುಂದಿಲ್ಲ. ಅದೇ ಕಪಾಟಿನ ಇನ್ನೊಂದು ಕುದುರೆಯ ಮೂತಿಗೆ ಪೆಟ್ಟಿಗೆಯ ಗುಲಾಬಿ ಬಳಸಿದ್ದೆ. ಅದು ಒಂದೇ ವರ್ಷದಲ್ಲಿ ಬಿಳಿಚಿಕೊಂಡಿತು. ಪದೇಪದೇ ಎತ್ತಿಕೊಂಡ ಕಡೆ ಬೆರಳಿನ ಜಿಡ್ಡಿನಿಂದ ಮ್ಯಾಟ್ ಮೈ ಹೊಳೆಯತೊಡಗುತ್ತದೆ, ಆದ್ದರಿಂದ ಮುಗಿದ ಕುದುರೆಯನ್ನು ಹೊಟ್ಟೆಯಡಿ ಹಿಡಿದೇ ಎತ್ತಬೇಕು.

ಬಿಳಿಯ ವಿಷಯದಲ್ಲಿ ಈ ಪೆಟ್ಟಿಗೆ ಸೋಲುತ್ತದೆ. ಬಿಳಿ ಪುಡಿ ವಾರ್ನಿಷ್ ತಾಗಿದ ಕೂಡಲೇ ಮಾಯವಾಗುತ್ತದೆ. ಹಣೆಯ ಬಿಳಿ ನಾಮ, ಕಾಲಿನ ಬಿಳಿ ಪಟ್ಟಿಗಳಿಗೆ ನೀರು ಬೆರೆಸಿದ ಟೈಟೇನಿಯಂ ವೈಟ್ ಅಕ್ರಿಲಿಕ್‌ನ ಮೂರು ನಾಲ್ಕು ಪದರಗಳೇ ಬೇಕು. ಬೂದು ಕುದುರೆಗೆ ಮಾತ್ರ ಪೇಸ್ಟಲ್ ಚೆನ್ನಾಗಿ ಒದಗಿತು. ಬೂದು ಕುದುರೆ ಗಾಢ ಬಣ್ಣದಲ್ಲಿ ಹುಟ್ಟಿ ವಯಸ್ಸಾದಂತೆ ಕೂದಲು ಬೆಳ್ಳಗಾಗುತ್ತದೆ, ಚರ್ಮ ಕಪ್ಪಾಗಿಯೇ ಉಳಿಯುತ್ತದೆ. ಮೂತಿ ಮತ್ತು ಕಣ್ಣಿನ ಸುತ್ತ ಇದ್ದಿಲ ಬಣ್ಣದ ಪುಡಿ ತೇಲಿಸಿದಾಗ ಆ ವಯಸ್ಸು ತಾನಾಗಿ ಬಂದಿತು.

ಕೊಳ್ಳುವವರಿಗೆ ಎರಡು ಮಾತು. ನಾನು ಪೇಸ್ಟಲ್ ಕೇಳಿದಾಗ ಮೊದಲ ಅಂಗಡಿಯವರು ಶಾಲೆಯ ಮಕ್ಕಳ ಆಯಿಲ್ ಪೇಸ್ಟಲ್ ಕೊಟ್ಟು, "ಎಲ್ಲರೂ ಇದನ್ನೇ ತಗೊಳ್ಳೋದು ಸರ್" ಎಂದಿದ್ದರು. ಅದರಲ್ಲಿ ಎಣ್ಣೆ, ಮೇಣ ಇರುವುದರಿಂದ ಪುಡಿಯಾಗುವುದಿಲ್ಲ. ಪೆಟ್ಟಿಗೆಯ ಮೇಲೆ ಸಾಫ್ಟ್ ಎಂದಿರುವುದನ್ನು ಓದಿಯೇ ಕೊಳ್ಳಿ. ಇನ್ನೊಂದು, 48 ಬಣ್ಣಗಳು ಬೇಕಿಲ್ಲ. ಮೂರು ವರ್ಷಗಳಲ್ಲಿ ನಾನು ಮುಟ್ಟಿದ್ದು ಒಂಬತ್ತನ್ನು ಮಾತ್ರ, ಪೂರ್ತಿ ಸವೆದದ್ದು ಬರ್ನ್ಟ್ ಸಿಯೆನ್ನಾ ಮತ್ತು ಕಪ್ಪು. ಬಿಡಿ ತುಂಡುಗಳು ಸಿಗುವ ಅಂಗಡಿಯಲ್ಲಿ ಆ ಎರಡನ್ನು ಕಳೆದ ತಿಂಗಳು ತಂದಿಟ್ಟುಕೊಂಡೆ.

ಈಗ ಮೇಜಿನ ಮೇಲಿರುವ ಹನ್ನೆರಡನೆಯದನ್ನು ಮಾರ್ವಾಡಿ ಕುದುರೆಯಾಗಿಸುತ್ತಿದ್ದೇನೆ. ಎಂ-ಸೀಲ್ ಕಲಸಿ, ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವ ಆ ಕಿವಿಗಳನ್ನು ತಿದ್ದಿದ್ದಾಗಿದೆ, ಪ್ರೈಮರ್ ಇನ್ನೂ ಹೊಡೆದಿಲ್ಲ. ಇಂದು ಬೆಳಗ್ಗೆ ಮಾಪಕ 78 ತೋರಿಸುತ್ತಿತ್ತು.